ರೋಹಿಣಿ ಕಾರ್ತೆಯಲ್ಲಿ ಪ್ರೊಸೆಸರ್

ನಮ್ಮೂರ ಕಡೆ ರೋಹಿಣಿ ಎಂದರೆ ಮಳೆ. ವಿಜಯವಾಡದಲ್ಲಿ ರೋಹಿಣಿ ಕಾರ್ತೆ ಎಂದರೆ ಬಿಸಿಲಿನ ತುತ್ತತುದಿ. ಆ ದಿನಗಳಲ್ಲಿ ಒರಳುಕಲ್ಲೂ ಬಿರಿಯುತ್ತದೆ ಅನ್ನುವುದು ತೆಲುಗಿನವರ ಮಾತು. ಮೇ 25ರ ಆಸುಪಾಸಿನಲ್ಲಿ ಶುರುವಾಗಿ ಎರಡು ವಾರ ಇರುತ್ತದೆ. ಬೆಜವಾಡ ಎಂಬ ಹಳೆಯ ಹೆಸರನ್ನು ‘ಬ್ಲೇಜ್‌ವಾಡ’ ಎಂದು ತಿರುಚಿ ನಗುವವರೂ ಇದ್ದಾರೆ. ನನ್ನ ಕಂಪ್ಯೂಟರು ಕೈಕೊಟ್ಟದ್ದು ಸರಿಯಾಗಿ ಆ ದಿನಗಳಲ್ಲೇ. ಹಾಗಾಗಿ ಮನೆಯವರು, ಪಕ್ಕದವರು, ಅಂಗಡಿಯವರು ಎಲ್ಲರೂ ಬಿಸಿಲನ್ನೇ ಬೈದರು.

ಇವರಿಗೆ ವಿಶಾಖಪಟ್ಟಣದಿಂದ ವರ್ಗವಾಗಿ ಹತ್ತು ದಿನವಾಗಿತ್ತಷ್ಟೆ. ಮಂಚ, ಬೀರು, ಪಾತ್ರೆಗಳ ಜೊತೆ ನನ್ನ ಡೆಸ್ಕ್‌ಟಾಪೂ ಲಾರಿಯಲ್ಲಿ ಸುಮಾರು 350 ಕಿಲೋಮೀಟರ್ ಅಡ್ಡ ಮಲಗಿ ಬಂದಿತ್ತು. ನಾನು ಮದುವೆ ವಿಡಿಯೋ ಎಡಿಟ್ ಮಾಡುವವಳು. ವೈಜಾಗಿನ ಒಂದು ಮದುವೆಯ ಕೆಲಸ ಕೈಯಲ್ಲಿತ್ತು. ಹುಡುಗ ಹುಡುಗಿ ಭಾನುವಾರ ರಾತ್ರಿ ಅಮೆರಿಕದ ವಿಮಾನ ಹತ್ತುವವರು, ಅಷ್ಟರೊಳಗೆ ವಿಡಿಯೋ ಕೊಡಬೇಕು. ಅಡ್ವಾನ್ಸ್ ಹಣ ಹೊಸ ಮನೆಯ ಬಾಡಿಗೆ ಮುಂಗಡಕ್ಕೆ ಸೇರಿಹೋಗಿತ್ತು. ಗುರುವಾರ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಶೇಕಡಾ ಐದೂ ದಾಟದೆ ಮಷೀನು ಆಫ್ ಆಯಿತು. ಮತ್ತೆ ಹಾಕಿದೆ, ಮತ್ತೆ ಆಫ್.

ಅಂಗಡಿಯವನು ಕೇಸನ್ನು ಮುಟ್ಟಿ ನೋಡಿ, “ಪ್ರೊಸೆಸರ್ ಪೋಯಿಂದಿ ಮೇಡಂ” ಅಂದ. ಬೋರ್ಡೂ ಸೇರಿ ಹೊಸದು ಹಾಕಿಸಬೇಕಂತೆ. ಪ್ರೊಸೆಸರ್ ಅಷ್ಟು ಸುಲಭಕ್ಕೆ ಸಾಯುವ ವಸ್ತುವಲ್ಲ ಎಂಬುದು ನನಗೆ ಗೊತ್ತು. ನನ್ನದು ಇಂಟೆಲ್ ಐ5-10400. ಅದಕ್ಕೆ 100 ಡಿಗ್ರಿ ಸೆಲ್ಸಿಯಸ್ ಮಿತಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಮಷೀನನ್ನೇ ಆರಿಸಿಬಿಡುತ್ತದೆ. ಆಫ್ ಆಗುತ್ತಿದೆ ಅಂದರೆ ಅದರ ಕಾವಲು ಇನ್ನೂ ಎಚ್ಚರವಾಗಿದೆ ಎಂದೇ ಅರ್ಥ. ಮಷೀನು ವಾಪಸ್ ಮನೆಗೆ ಬಂತು.

ಉಷ್ಣತೆ ತೋರಿಸುವ ಪುಟ್ಟ ಸಾಫ್ಟ್‌ವೇರ್ ತೆರೆದಿಟ್ಟು ಮತ್ತೆ ಎಕ್ಸ್‌ಪೋರ್ಟ್ ಕೊಟ್ಟೆ. ಸಾಮಾನ್ಯವಾಗಿ ಎಲ್ಲರೂ ಕೊನೆಯ ಅಂಕಿಯನ್ನು ನೋಡುತ್ತಾರೆ. ನೋಡಬೇಕಾದ್ದು ಏರುವ ವೇಗವನ್ನು. ಧೂಳಿನಿಂದಲೋ ಕೋಣೆಯ ಬಿಸಿಯಿಂದಲೋ ಕಾಯುವುದಾದರೆ ಅಂಕಿ ನಿಧಾನಕ್ಕೆ, ಒಲೆಯ ಮೇಲಿನ ನೀರಿನ ಹಾಗೆ ನಿಮಿಷಗಟ್ಟಲೆ ಏರುತ್ತದೆ. ಯಾಕೆಂದರೆ ಮೇಲೆ ಕೂತ ಅಲ್ಯೂಮಿನಿಯಂ ಹೀಟ್‌ಸಿಂಕ್ ಮೊದಲು ಕಾಯಬೇಕು. ನನ್ನದು 58ರಿಂದ 100ಕ್ಕೆ ನಾಲ್ಕೇ ಸೆಕೆಂಡಿನಲ್ಲಿ ಹಾರಿತು. ಅಂದರೆ ಚಿಪ್ಪಿನ ಬಿಸಿ ಹೀಟ್‌ಸಿಂಕಿಗೆ ದಾಟುತ್ತಲೇ ಇಲ್ಲ. ಹೀಟ್‌ಸಿಂಕನ್ನು ಮುಟ್ಟಿದೆ, ಬೆಚ್ಚಗಿತ್ತಷ್ಟೆ. ಬಿಸಿಲಿನ ಮೇಲಿನ ಆಪಾದನೆ ನನ್ನ ಮಟ್ಟಿಗೆ ಅಲ್ಲೇ ಬಿದ್ದುಹೋಯಿತು.

ಪ್ಲಗ್ ಕಿತ್ತು, ಟಾರ್ಚ್ ಹಿಡಿದು ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಪ್ರೊಸೆಸರ್ ಜೊತೆ ಬರುವ ಕೂಲರ್ ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ, ಬೋರ್ಡಿನ ತೂತುಗಳಲ್ಲಿ ಸಿಕ್ಕಿಸಿ ನಿಂತಿರುತ್ತದೆ. ಲಾರಿಯ ಕುಲುಕಾಟಕ್ಕೆ ಒಂದು ಕಾಲು ಮೇಲೆದ್ದು ಬಂದಿತ್ತು. ಒಂದು ಮೂಲೆ ಕೂದಲೆಳೆಯಷ್ಟು ಎದ್ದರೂ ಸಾಕು, ನಡುವೆ ಗಾಳಿ ಸೇರುತ್ತದೆ. ಗಾಳಿಯೋ, ಬಿಸಿಯನ್ನು ದಾಟಿಸುವುದರಲ್ಲಿ ಬಲು ಜಿಪುಣ.

ಬಿಚ್ಚಿದ ಮೇಲೆ ವೈಜಾಗ್ ಕೂಡ ಕಂಡಿತು. ಎಂವಿಪಿ ಕಾಲೊನಿಯ ಮನೆಯಲ್ಲಿ ಕಿಟಕಿ ತೆರೆದರೆ ಕಡಲ ಗಾಳಿ. ಸಂಜೆ ಹೊತ್ತು ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಆ ತೇವಕ್ಕೆ ಧೂಳು ಪುಡಿಯಾಗಿ ಉಳಿದಿರಲಿಲ್ಲ, ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯ ಹಾಗೆ ಒತ್ತಿಕೊಂಡಿತ್ತು. ಕೇಸಿನ ಸ್ಕ್ರೂಗಳಿಗೆ ತುಕ್ಕು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ಷಿನಲ್ಲಿ ಕೆರೆದೆ. ಒಣಗಿ ಸುಣ್ಣದಂತಾಗಿದ್ದ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ಇಟ್ಟೆ. ಬೆಣ್ಣೆ ಹಚ್ಚಿದ ಹಾಗೆ ದಪ್ಪಗೆ ಬಳಿಯುವವರಿದ್ದಾರೆ. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಸಣ್ಣ ತಗ್ಗುಗಳನ್ನು ತುಂಬುವುದು ಮಾತ್ರ. ಕೂಲರಿನ ಕಾಲುಗಳನ್ನು ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಒತ್ತಿದೆ. ನಾಲ್ಕು ಸಲ ‘ಟಕ್’ ಅಂತು.

ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಅಂಕಿ ಮೆಲ್ಲಗೆ ಏರಿ 84ಕ್ಕೆ ನಿಂತಿತು. ವೈಜಾಗಿನಲ್ಲಿ ಇದೇ ಕೆಲಸಕ್ಕೆ 76 ಇರುತ್ತಿತ್ತು. ಈ ಎಂಟು ಡಿಗ್ರಿಗೆ ಇನ್ನೇನನ್ನೂ ಬಿಚ್ಚಿ ಹುಡುಕಬೇಕಾಗಿಲ್ಲ. ಅಲ್ಲಿ ಕೋಣೆ 31 ಡಿಗ್ರಿ, ಇಲ್ಲಿ ಮೊಗಲ್‌ರಾಜಪುರದ ಬಂಡೆಗುಡ್ಡದ ಕೆಳಗೆ, ಮಹಡಿಯ ಮೇಲಿನ ಕೋಣೆ 40. ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ತಂದು ಊದುತ್ತದೆ. ಕೋಣೆ ಎಷ್ಟು ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಿಸಿಲಿನ ಪಾಲು ಅಷ್ಟೇ. ಉಳಿದದ್ದೆಲ್ಲ ಆ ಒಂದು ಕಾಲಿನದು.

“ನೀರಿನ ಕೂಲರನ್ನು ಕಂಪ್ಯೂಟರಿನ ಕಡೆ ತಿರುಗಿಸಲಾ?” ಅಂತ ಇವರು ಕೇಳಿದರು. ಬೇಡ ಅಂದೆ. ಕಡಲ ತೇವದಿಂದ ಈಗಷ್ಟೇ ಬಿಡಿಸಿ ತಂದಿದ್ದೇನೆ. ಅದರ ಬದಲು ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರ್ ಮಿತಿಯನ್ನು 100ರಿಂದ ಶೇಕಡಾ 99ಕ್ಕೆ ಇಳಿಸಿದೆ. ಒಂದೇ ಅಂಕಿ ಅನಿಸುತ್ತದೆ, ಆದರೆ ಅದರಿಂದ ಟರ್ಬೋ ನಿಂತು ವೇಗ 2.9 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಕೆಲಸ ತಡವಾಗುತ್ತದೆ, ನಡು ಮಧ್ಯಾಹ್ನವೂ ನಿಲ್ಲುವುದಿಲ್ಲ.

ವಿಡಿಯೋ ಶನಿವಾರ ಬೆಳಿಗ್ಗೆ ಹೋಯಿತು, ಬಾಕಿ ಹಣ ಸಂಜೆ ಬಂತು. ಜೂನ್ ಕೊನೆಗೆ ಎರಡು ಮಳೆ ಬಿದ್ದ ಮೇಲೆ 99ನ್ನು ಮತ್ತೆ 100 ಮಾಡಿದೆ.