ಕೊಟ್ಟಿಗೆಗೆ ಬಂದ ಕಾಳಿಂಗ

ನಮ್ಮ ಪಾಂಡವಪುರದ ಕಡೆ ಆಲೆಮನೆಯ ಒಲೆ ಮುಂದೆ ಕೂತರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರಬೇಕು, ಯಾರಾದರೊಬ್ಬರು ಕಬ್ಬು ಕಡಿಯುವಾಗ ಕಂಡ ಹಾವಿನ ಸುದ್ದಿ ತೆಗೆಯಬೇಕು, ಆಗ ಅಕ್ಕನ ಮನೆಯ ಕಾಳಿಂಗನ ಕಥೆ ಹೇಳು ಅಂತ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನೇ ಹೇಳುವುದು ಒಳ್ಳೆಯದು. ಬೇರೆಯವರು ಹೇಳಿದಾಗಲೆಲ್ಲ ಆ ಹಾವು ಒಂದೆರಡು ಅಡಿ ಬೆಳೆದಿರುತ್ತದೆ.

ಅಕ್ಕನನ್ನು ಕೊಟ್ಟಿದ್ದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಯ ಒಂದು ಒಂಟಿ ಮನೆಗೆ. ಯುಗಾದಿ ಮುಗಿಸಿಕೊಂಡು ಹೋಗಿದ್ದೆ. ಸಂಜೆ ಹಾಲು ಕರೆಯುವ ಹೊತ್ತು, ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗುತ್ತಿತ್ತು. ನೋಡೋಣ ಅಂತ ಹೊರಟರೆ ಅಕ್ಕ ಅಡ್ಡ ಬಂದಳು. “ಅತ್ತಗೋಗ್ಬೇಡ ಕಣೋ, ಕಾಳಿಂಗ ಬಂದದೆ” ಅಂದಳು. ಪೋಸ್ಟ್‌ಮ್ಯಾನ್ ಬಂದಿದ್ದಾನೆ ಅನ್ನುವ ಹಾಗೆ!

ಭಾವ ಆ ಹೊತ್ತಿಗಾಗಲೇ ಹಸುವನ್ನೂ ಕರುವನ್ನೂ ಇನ್ನೊಂದು ಬಾಗಿಲಿಂದ ಹೊರಗೆ ದಾಟಿಸಿದ್ದರು. ಹುಲ್ಲಿನ ಮೆದೆಯ ಪಕ್ಕದಲ್ಲಿ ಹನ್ನೆರಡಡಿಗೆ ಕಡಿಮೆಯಿಲ್ಲದ ಕಪ್ಪು ಮೈ, ಅದರ ಮೇಲೆ ಮಾಸಲು ಪಟ್ಟೆ. ಬಾಯಲ್ಲಿ ಒಂದು ಕೇರೆಹಾವು. ತಲೆ ಆಗಲೇ ಒಳಗೆ ಹೋಗಿತ್ತು, ಬಾಲ ಇನ್ನೂ ಸಣ್ಣಗೆ ಹೊರಳುತ್ತಿತ್ತು. ಕಾಳಿಂಗನ ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುವುದು, ಪ್ರತಿ ಸಲವೂ ಕೇರೆ ಒಂದಿಷ್ಟು ಒಳಗೆ ಹೋಗುವುದು. ಅದರ ಊಟವೇ ಅದು: ಬೇರೆ ಹಾವುಗಳು. ನಾಗರವನ್ನೂ ಬಿಡುವುದಿಲ್ಲ.

ನಾನು ದೊಣ್ಣೆ ಹುಡುಕುತ್ತಿದ್ದೆ. ಭಾವ ಕೈ ಹಿಡಿದು ಜಗಲಿಗೆ ಎಳೆದು ತಂದರು. “ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ. ಗಲಾಟೆ ಮಾಡಿದ್ರೆ ನುಂಗಿದ್ದನ್ನ ಕಕ್ಕಿಬಿಡ್ತದೆ, ಪಾಪ.” ಪಾಪವಂತೆ! ಹಾವು ಹಿಡಿಯುವವರಿಗೆ ಫೋನ್ ಮಾಡಿ, ಮನೆಮಂದಿಯೆಲ್ಲ ಕಾಫಿ ಕುಡಿಯುತ್ತಾ ಕಾಳಿಂಗನ ಊಟ ಮುಗಿಯಲಿ ಅಂತ ಕಾದೆವು.

ಬಂದ ಹುಡುಗನ ಕೈಲಿ ಒಂದು ಕೊಕ್ಕೆ ಕೋಲು, ಒಂದು ಚೀಲ, ಚೀಲದ ಬಾಯಿಗೆ ಕಟ್ಟಿದ ಕಪ್ಪು ಪೈಪು. ಹತ್ತಿರ ಹೋದ ಕೂಡಲೇ ಹಾವು ಎದ್ದಿತು. ಮೈಯ ಮೂರರಲ್ಲೊಂದು ಪಾಲು ನೆಟ್ಟಗೆ ನಿಂತಿತ್ತು. ಹೆಡೆ ನಾಗರದ ಹಾಗೆ ಅಗಲವಲ್ಲ, ಕಿರಿದು, ಉದ್ದ. ಬುಸುಗುಡಲಿಲ್ಲ, ಹೊಟ್ಟೆಯ ಆಳದಿಂದ ಗುರುಗುಟ್ಟಿತು. ಆ ಸದ್ದಿಗೆ ನನ್ನ ಕಾಫಿ ಲೋಟ ಅಲ್ಲಾಡಿತು. ಹುಡುಗ ಮಾತ್ರ ಅವಸರ ಮಾಡಲಿಲ್ಲ. ಬಾಲವನ್ನು ಮೆತ್ತಗೆ ಹಿಡಿದು, ಪೈಪಿನ ಬಾಯಿ ತೋರಿಸಿದ. ಅದಕ್ಕೂ ಬೇಕಾಗಿದ್ದು ಅಡಗಲು ಒಂದು ಕತ್ತಲೆ ಜಾಗ; ತಾನಾಗೇ ನುಗ್ಗಿತು. ಬಿಟ್ಟಿದ್ದು ಅಲ್ಲೇ ಹತ್ತಿರದ ಕಾಡಂಚಿನಲ್ಲಿ. ದೂರ ಒಯ್ದು ಬಿಟ್ಟರೆ ನೆಲೆ ಸಿಗದೆ ಅಲೆಯುತ್ತದಂತೆ. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಹಿಂದೆ ಹಿಂದೆಯೇ ನಡೆದು ಇಂಥವನ್ನೆಲ್ಲ ತಿಳಿದುಕೊಂಡಿದ್ದಾರೆ.

ರಾತ್ರಿ ಭಾವ ತೋಟದಾಚೆ ಒಂದು ವರ್ಷ ಕಂಡ ಗೂಡಿನ ಮಾತು ತೆಗೆದರು. ಹಾವಿಗೆಂಥ ಗೂಡು ಅಂತ ಇಲ್ಲಿಯವರು ನಗುತ್ತಾರೆ; ಗೂಡು ಕಟ್ಟುವ ಹಾವು ಇದೊಂದೇ. ಹೆಣ್ಣು ಕಾಳಿಂಗ ತರಗೆಲೆಯನ್ನು ಮೈಯಿಂದ ಬಾಚಿ ಬಾಚಿ ರಾಶಿ ಮಾಡಿ, ಒಳಗೆ ಮೊಟ್ಟೆಯಿಟ್ಟು ಕಾವಲಿರುತ್ತದೆ. ಎಲೆ ಕೊಳೆತ ಬಿಸಿಗೇ ಮೊಟ್ಟೆಗೆ ಕಾವು. ಆಗುಂಬೆಯ ಮಳೆ ಹೊರಗೆ ಹೊಯ್ಯುತ್ತಿದ್ದರೂ ಒಳಗೆ ನೀರಿಳಿಯದಷ್ಟು ಒತ್ತಾಗಿರುತ್ತದೆ ಆ ರಾಶಿ. ಮರಿ ಹೊರಬರುವ ಮೊದಲು ತಾಯಿ ಗೂಡು ಬಿಟ್ಟು ಹೋಗುತ್ತದೆ. ಹಾವು ತಿನ್ನುವ ಹಾವಲ್ಲವೇ, ತನ್ನ ಮರಿಯನ್ನೇ ತಿಂದೀತು ಅಂತ ಜನ ಕಾರಣ ಕೊಡುತ್ತಾರೆ. ಹೌದೋ ಅಲ್ಲವೋ, ತಾಯಿಯನ್ನು ಕೇಳಿದವರಿಲ್ಲ.

1836ರಿಂದಲೂ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಜಾತಿ ಅಂತಿದ್ದದ್ದನ್ನು 2024ರಲ್ಲಿ ನಾಲ್ಕಾಗಿ ಒಡೆದರು. ನಮ್ಮ ಪಶ್ಚಿಮಘಟ್ಟದ್ದಕ್ಕೆ ಒಫಿಯೊಫೇಗಸ್ ಕಾಳಿಂಗ ಅಂತ ಹೆಸರು. ಅದನ್ನು ಓದಿ ಹೇಳಿದಾಗ ಅಕ್ಕ, “ನಾವು ಮತ್ತಿನ್ನೇನಂತಿದ್ವು?” ಅಂದಳು.

ಕಥೆ ಇಲ್ಲಿಗೆ ಬಂದಾಗ ಆಲೆಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ: “ಅದೇನಾರ ಕಚ್ಚಿದ್ರೆ?” ಕಚ್ಚಿದರೆ ಕಷ್ಟವೇ. ನಮ್ಮ ಆಸ್ಪತ್ರೆಗಳಲ್ಲಿರುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು, ಕಾಳಿಂಗನದಕ್ಕಲ್ಲ. ಆದರೆ ಕಾಳಿಂಗ ಮನುಷ್ಯರನ್ನು ಕಚ್ಚುವುದೇ ಅಪರೂಪ. ನಮ್ಮ ಶ್ರೀರಂಗಪಟ್ಟಣದ ಗದ್ದೆ ಬಯಲಲ್ಲಿ, ಕೆ.ಆರ್. ಪೇಟೆಯ ಕಬ್ಬಿನಲ್ಲಿ, ನಾಗಮಂಗಲದ ರಾಗಿ ಹೊಲದಲ್ಲಿ ಭಯಪಡಬೇಕಾದ್ದು ಕೊಳಕುಮಂಡಲಕ್ಕೆ. ಇಲಿ ಇದ್ದಲ್ಲಿ ಅದು ಇರುತ್ತದೆ. ಮೊಟ್ಟೆಯಿಡುವುದಿಲ್ಲ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ. ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದೇ ನಿಂತುಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಡಾಕ್ಟರು ಒಂದಿಷ್ಟು ರಕ್ತವನ್ನು ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ನೀರಿನ ಹಾಗೆ ಹರಿದರೆ ತಡಮಾಡದೆ ಮದ್ದು ಶುರು.

ಭಾವ ಒಮ್ಮೆ ನಮ್ಮೂರಿಗೆ ಬಂದಿದ್ದರು. ವಿ.ಸಿ. ನಾಲೆಯ ನೀರಿನ ಸರದಿ ನಮಗೆ ರಾತ್ರಿ ಬಂದಿತ್ತು. ಕಬ್ಬಿಗೆ ನೀರು ಕಟ್ಟಲು ಬರಿಗಾಲಲ್ಲಿ ಹೊರಟಿದ್ದೆ, “ಬನ್ನಿ ಭಾವ” ಅಂದೆ. ಅವರು ನನ್ನ ಕಾಲನ್ನೊಮ್ಮೆ, ಕತ್ತಲಲ್ಲಿ ನಿಂತ ಕಬ್ಬನ್ನೊಮ್ಮೆ ನೋಡಿ, “ಗಂಬೂಟಿದ್ರೆ ಬರ್ತೆ. ಇಲ್ದಿದ್ರೆ ನಿಮ್ಮ ಕಬ್ಬೂ ಬೇಡ, ಬೆಲ್ಲವೂ ಬೇಡ ಮಾರಾಯ್ರೆ” ಅಂತ ಜಗಲಿಯಲ್ಲೇ ಕೂತುಬಿಟ್ಟರು.