ಬೆನ್ನಿಗೊಂದು ಸೂಜಿ, ಆಮೇಲಿನ ಹತ್ತು ನಿಮಿಷ

ನಮ್ಮ ವೃತ್ತಿಯವರಿಗೆ ಜನ ಇಟ್ಟಿರುವ ಹೆಸರು 'ಪ್ರಜ್ಞೆ ತಪ್ಪಿಸೋ ಡಾಕ್ಟರು'. ಅರಿವಳಿಕೆ ತಜ್ಞೆ ಎಂದು ಎಷ್ಟು ದೊಡ್ಡ ಬೋರ್ಡು ಬರೆಸಿದರೂ ಈ ಹೆಸರು ಹೋಗುವುದಿಲ್ಲ. ನನಗೇನೂ ಬೇಸರವಿಲ್ಲ. ಆದರೆ ಸಿಸೇರಿಯನ್ ಹೆರಿಗೆಯ ಮಟ್ಟಿಗೆ ಅದು ಪೂರಾ ತಿರುಗುಮುರುಗು. ಅಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮಗುವಿನ ಮೊದಲ ಅಳುವನ್ನು ತಾನೇ ಕೇಳುತ್ತಾಳೆ. ಆಕೆಗೆ ಪ್ರಜ್ಞೆ ತಪ್ಪದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಈಚೆಗೆ ನಮ್ಮ ಪಕ್ಕದ ಮನೆಯ ಹುಡುಗಿ, ದ್ವಿತೀಯ ಪಿ.ಯು.ಸಿ. ಓದುವವಳು, ಅಕ್ಕನ ಹೆರಿಗೆ ಹತ್ತಿರವಾದಾಗ ಒಂದು ಪ್ರಶ್ನೆ ಹೊತ್ತು ಬಂದಳು. "ಆಂಟಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೊಂಟದಿಂದ ಕೆಳಗೆ ತಾನೇ ಮರಗಟ್ಟೋದು? ಬಿ.ಪಿ. ಯಾಕೆ ಇಳಿಯುತ್ತೆ?" ಹಿಂದೆಯೇ ಬಂದ ಅವಳ ತಂದೆಯ ಪ್ರಶ್ನೆ ಬೇರೆ. "ಇಳಿದರೆ ಮಗೂಗೆ ಏನಾಗುತ್ತೆ ಮೇಡಂ?" ಪರೀಕ್ಷೆಗೆ ಓದುವವರ ಪ್ರಶ್ನೆಗೂ ಮಗಳನ್ನು ಹೆರಿಗೆಗೆ ಕಳಿಸುವವರ ಪ್ರಶ್ನೆಗೂ ಇರುವ ವ್ಯತ್ಯಾಸ ಇದು. ಉತ್ತರ ಮಾತ್ರ ಎರಡಕ್ಕೂ ಒಂದೇ ಕಡೆ ಸಿಗುತ್ತದೆ.

ಬೆನ್ನಿಗೆ ಕೊಡುವ ಈ ಅರಿವಳಿಕೆ ಹೊಸದೇನಲ್ಲ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ಕೊಕೇನ್ ಬಳಸಿ ಇದನ್ನು ಮೊದಲು ಮಾಡಿದ. ಈಗ ನಾವು ಕೊಡುವುದು ಬುಪಿವಕೇನ್, ಸುಮಾರು ಎರಡು ಮಿಲಿಲೀಟರ್. ಅಷ್ಟೇ ಅಷ್ಟು ಔಷಧ ಬೆನ್ನೆಲುಬಿನೊಳಗಿನ ದ್ರವದಲ್ಲಿ ಬೆರೆತು, ಕಾಲಿನಿಂದ ಹಿಡಿದು ಎದೆಯ ಮಟ್ಟದವರೆಗೆ ನೋವನ್ನು ಅಳಿಸಿಬಿಡುತ್ತದೆ. ಹೌದು, ಎದೆಯವರೆಗೆ, ಬರೀ ಸೊಂಟದ ಕೆಳಗೆ ಮರಗಟ್ಟಿದರೆ ಸಿಸೇರಿಯನ್‌ಗೆ ಸಾಲದು. ತೊಂದರೆ ಏನೆಂದರೆ, ಔಷಧಕ್ಕೆ ನೋವಿನ ನರ ಯಾವುದು, ಬೇರೆ ನರ ಯಾವುದು ಎಂಬ ಭೇದವಿಲ್ಲ. ರಕ್ತನಾಳಗಳನ್ನು ಸದಾ ಸ್ವಲ್ಪ ಬಿಗಿಯಾಗಿ ಹಿಡಿದಿಡುವ ಸಿಂಪಥೆಟಿಕ್ ನರಗಳೂ ಅದರೊಂದಿಗೇ ಮಲಗುತ್ತವೆ. ಹಿಡಿತ ತಪ್ಪಿದ ರಕ್ತನಾಳಗಳು ಅಗಲವಾಗುತ್ತವೆ.

ನಮ್ಮ ಬಡಾವಣೆಗೆ ನೀರು ಬಿಡುವ ಹೊತ್ತನ್ನು ನೆನಪಿಸಿಕೊಳ್ಳಿ ಎಂದೆ ಹುಡುಗಿಗೆ. ಎಲ್ಲ ಮನೆಯವರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಯ ನಲ್ಲಿ ತೊಟ್ಟಿಕ್ಕುತ್ತದೆ. ನೀರು ಎಲ್ಲೂ ಸೋರಿ ಹೋಗಿಲ್ಲ, ಹಂಚಿಹೋಗಿದೆ. ಇಲ್ಲಿಯೂ ಹಾಗೆಯೇ. ರಕ್ತ ಒಂದು ಹನಿಯೂ ಚೆಲ್ಲಿರುವುದಿಲ್ಲ, ಕಾಲು ಹೊಟ್ಟೆಗಳಲ್ಲಿ ನಿಂತುಬಿಟ್ಟಿರುತ್ತದೆ. ಇದರ ಮೇಲೆ ತುಂಬು ಗರ್ಭದ ಭಾರ ಬೇರೆ. ಬಸುರಿ ಅಂಗಾತ ಮಲಗಿದರೆ, ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ಅಭಿಧಮನಿಯ ಮೇಲೆ ಗರ್ಭಕೋಶ ಕೂರುತ್ತದೆ. ಬಲ ಸೊಂಟದ ಕೆಳಗೆ ದಿಂಬೊಂದನ್ನು ತುರುಕಿ ಆಕೆಯನ್ನು ಕೊಂಚ ಎಡಕ್ಕೆ ವಾಲಿಸುವುದು ಇದಕ್ಕಾಗಿ. 'ಎಡಮಗ್ಗುಲಿಗೆ ಮಲಗೇ' ಎಂದು ಬಸುರಿಯರಿಗೆ ಹೇಳುವ ಅಜ್ಜಿಯರನ್ನು ನಾನು ಯಾವತ್ತೂ ತಡೆದಿಲ್ಲ.

ಇನ್ನು ತಂದೆಯ ಪ್ರಶ್ನೆ. ಒತ್ತಡ ಸ್ವಲ್ಪ ಏರಿಳಿದರೂ ಮೆದುಳು ತನ್ನ ಪಾಲಿನ ರಕ್ತವನ್ನು ಹೇಗೋ ಹೊಂದಿಸಿಕೊಳ್ಳುತ್ತದೆ. ತುಂಬು ತಿಂಗಳ ಗರ್ಭಕೋಶಕ್ಕೆ ಆ ಜಾಣತನವಿಲ್ಲ. ತಾಯಿಯ ರಕ್ತದೊತ್ತಡ ಎಷ್ಟು ಇಳಿಯಿತೋ ಮಗುವಿಗೆ ಹೋಗುವ ರಕ್ತವೂ ಅಷ್ಟು ಇಳಿಯಿತು, ಆಮ್ಲಜನಕವೂ ಇಳಿಯಿತು. ತಕ್ಷಣ ಸರಿಪಡಿಸಿದರೆ ಮಗು ತಡೆದುಕೊಳ್ಳುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಇಬ್ಬರಿಗೂ ಅಪಾಯ. ಮುಂಜಾಗ್ರತೆ ವಹಿಸದಿದ್ದರೆ ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಹೀಗೆ ಒತ್ತಡ ಇಳಿಯುತ್ತದೆ. ಇದು ಯಾರದೋ ಕೈತಪ್ಪಿನಿಂದ ಆಗುವುದಲ್ಲ, ಆಗಿಯೇ ಆಗುತ್ತದೆಂದು ಮೊದಲೇ ಎಣಿಸಿ ಸಿದ್ಧವಾಗಿ ಕೂರುವ ಸಂಗತಿ.

1994ರಲ್ಲಿ ನಾನು ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಕಲಿಯುತ್ತಿದ್ದೆ. ಅಲ್ಲಿ ಆಗ ತಾನಾಗಿ ಬಿ.ಪಿ. ಅಳೆಯುವ ಯಂತ್ರವಿರಲಿಲ್ಲ. ತೋಳಿಗೆ ಪಟ್ಟಿ, ಕಿವಿಗೆ ಸ್ಟೆತಸ್ಕೋಪು, ಇನ್ನೊಂದು ಕೈಯ ಬೆರಳು ನಾಡಿಯ ಮೇಲೆ. ಒಂದು ರಾತ್ರಿ ಬಂದ ತಾಯಿ ಬಹಳ ಮಾತುಗಾರ್ತಿ. ಬೆನ್ನಿಗೆ ಸೂಜಿ ಚುಚ್ಚುವಾಗಲೂ ಊರಿನ ಜಾತ್ರೆಯ ಕಥೆ ಹೇಳುತ್ತಲೇ ಇದ್ದಳು. ಮಲಗಿಸಿ ಮೂರು ನಾಲ್ಕು ನಿಮಿಷವಾಗಿರಬೇಕು, ನಡುವೆ ಮಾತು ನಿಂತಿತು. ಒಮ್ಮೆ ಆಕಳಿಸಿದಳು. "ಯಾಕೋ ಹೊಟ್ಟಿ ತೊಳಸಾಕತ್ತೈತ್ರಿ ಅಕ್ಕಾರ" ಎಂದಳು. ನಾನು ಪಟ್ಟಿಗೆ ಗಾಳಿ ತುಂಬಲು ಶುರುಮಾಡಿದ್ದೆನಷ್ಟೆ. ಪಕ್ಕದಲ್ಲಿದ್ದ ನಮ್ಮ ಹಿರಿಯ ವೈದ್ಯೆಯ ಕೈ ಆಗಲೇ ಸಿರಿಂಜಿನ ಮೇಲಿತ್ತು. ಅಳತೆ ಬಂದಾಗ 80. ಬರುವಾಗ ಆಕೆಯ ಬಿ.ಪಿ. 120 ಇತ್ತು. ಔಷಧ ಹೋಗಿ ಒಂದು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು, ಜಾತ್ರೆಯ ತೇರು ಬಿಟ್ಟಲ್ಲಿಂದ ಮುಂದಕ್ಕೆ ಹೊರಟಿತು. ಹೊಟ್ಟೆ ತೊಳಸುವುದು ಮೆದುಳಿಗೆ ರಕ್ತ ಕಡಿಮೆಯಾದುದರ ಸೂಚನೆ. ಈಗ ಯಂತ್ರ ನಿಮಿಷಕ್ಕೊಮ್ಮೆ ತಾನೇ ಅಳೆಯುತ್ತದೆ. ಆದರೂ ಎರಡು ಅಳತೆಗಳ ನಡುವೆ ಸುದ್ದಿ ಬರುವುದು ತಾಯಿಯ ಬಾಯಿಂದಲೇ. ಥಿಯೇಟರಿನಲ್ಲಿ ನಾನು ಊರು ಕೇರಿ ವಿಚಾರಿಸುತ್ತ ಕೂರುವುದನ್ನು ಕಂಡು ಹೊಸ ನರ್ಸುಗಳು ನಗುತ್ತಾರೆ, ನಗಲಿ.

ಅಂದು ಕೊಟ್ಟದ್ದು ಮೆಫೆಂಟರ್ಮಿನ್. ಅದರ ಹತ್ತಿರದ ಸಂಬಂಧಿ ಎಫಿಡ್ರಿನ್. ಚೀನೀಯರು ಶತಮಾನಗಳಿಂದ ಔಷಧವಾಗಿ ಬಳಸುತ್ತಿದ್ದ ಗಿಡದಿಂದ 1885ರಲ್ಲಿ ಜಪಾನಿನ ನಾಗಾಯ್ ನಾಗಯೋಶಿ ಬೇರ್ಪಡಿಸಿದ ವಸ್ತು ಅದು. ಬಸುರಿ ಕುರಿಗಳ ಮೇಲೆ 1970ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಎಫಿಡ್ರಿನ್ ಗರ್ಭಕೋಶದ ರಕ್ತಸಂಚಾರವನ್ನು ಕಾಯುತ್ತದೆ ಎಂದು ಕಂಡಿತ್ತು. ರಕ್ತನಾಳಗಳನ್ನು ನೇರವಾಗಿ ಬಿಗಿಗೊಳಿಸುವ ಔಷಧಗಳು ಅದನ್ನು ಕುಗ್ಗಿಸುತ್ತವೆ ಎಂದೂ. ನಮ್ಮ ಪಠ್ಯಪುಸ್ತಕಗಳು ದಶಕಗಳ ಕಾಲ ಅದನ್ನೇ ಹೇಳಿದವು. ಕುರಿಗಳದು ಸುಳ್ಳಲ್ಲ, ಆದರೆ ಹೆಂಗಸು ಕುರಿಯಲ್ಲವಲ್ಲ! ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದಾಗ, ಎಫಿಡ್ರಿನ್ ಮಾಸನ್ನು ದಾಟಿ ಮಗುವಿಗೂ ಹೋಗುತ್ತದೆ, ಮಗುವಿನ ರಕ್ತದ ಆಮ್ಲೀಯತೆ ಹೆಚ್ಚುತ್ತದೆ ಎಂದು ತಿಳಿಯಿತು. ಹಾಂಗ್‌ಕಾಂಗಿನ ವಾರ್ವಿಕ್ ನ್ಗಾನ್ ಕೀ ಮತ್ತು ಸಂಗಡಿಗರು 2002ರಲ್ಲಿ, ಮತ್ತೆ 2009ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ಗಟ್ಟಿಮಾಡಿದವು. ಕುರಿಗಳ ಕಾಲದಲ್ಲಿ ದೂರವಿಟ್ಟಿದ್ದ ಫಿನೈಲೆಫ್ರಿನ್ ಮುಂದಕ್ಕೆ ಬಂತು. 2018ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆಯೂ ಅಂಥ ಔಷಧವನ್ನೇ, ಅದೂ ಒತ್ತಡ ಇಳಿಯುವ ಮೊದಲೇ, ಕೊಡುವಂತೆ ಸೂಚಿಸಿತು. ಮೇಲಿನ ಅಳತೆ ತಾಯಿಯ ಮೊದಲಿನ ಅಳತೆಯ ಶೇಕಡಾ 90ಕ್ಕಿಂತ ಕೆಳಗೆ ಹೋಗದಂತೆ ಪ್ರಯತ್ನಿಸಬೇಕು ಎಂದಿತು. ನಾಡಿ ತೀರಾ ನಿಧಾನವಾದವರಿಗೆ ಮಾತ್ರ ಹಳೆಯ ಔಷಧ ಇಂದಿಗೂ ಬೇಕಾಗುತ್ತದೆ, ಏಕೆಂದರೆ ಫಿನೈಲೆಫ್ರಿನ್ ನಾಡಿಯನ್ನು ಇನ್ನಷ್ಟು ಇಳಿಸುತ್ತದೆ.

ಹುಡುಗಿಗೆ ನಾನೂ ಒಂದು ಲೆಕ್ಕ ಕೊಟ್ಟೆ. ಫಿನೈಲೆಫ್ರಿನ್‌ನ ಒಂದು ಪುಟ್ಟ ಗಾಜಿನ ಆಂಪ್ಯೂಲಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ತಾಯಿಗೆ ಒಮ್ಮೆಗೆ ಬೇಕಾದದ್ದು 50ರಿಂದ 100 ಮೈಕ್ರೊಗ್ರಾಂ. ಏನು ಮಾಡುವೆ? ಆಕೆ ಕಾಗದದಲ್ಲಿ ಗೀಚಿ, ಆಂಪ್ಯೂಲಿನಲ್ಲಿರುವುದು ನೂರು ಜನಕ್ಕೆ ಸಾಲುವಷ್ಟು ಎಂದು ಕಂಡು ಬೆಚ್ಚಿದಳು. ಅದನ್ನು ಸಲೈನ್ ಸೇರಿಸಿ ಒಟ್ಟು 100 ಮಿಲಿಲೀಟರ್ ಮಾಡಿದರೆ ಒಂದು ಮಿಲಿಲೀಟರಿನಲ್ಲಿ 100 ಮೈಕ್ರೊಗ್ರಾಂ. ದಶಾಂಶದ ಚುಕ್ಕಿ ಒಂದು ಮನೆ ಆಚೆ ಸರಿದರೆ ತಾಯಿಯ ಒತ್ತಡ ಇಳಿಯುವ ಬದಲು ಆಕಾಶಕ್ಕೇರುತ್ತದೆ. ಅದಕ್ಕೇ ಸಿರಿಂಜಿಗೆ ಚೀಟಿ ಅಂಟಿಸಿ, ಇನ್ನೊಬ್ಬರಿಂದ ಓದಿಸಿ, ಆಮೇಲೆ ಪಕ್ಕಕ್ಕಿಡುತ್ತೇವೆ. ಏಳನೇ ತರಗತಿಯ ಲೆಕ್ಕವೇ, ಸುಳ್ಳಲ್ಲ.

ಇದರ ಜೊತೆಗೆ ಕೈಗೆ ಹಾಕುವ ಬಾಟಲಿಯನ್ನು ಎಲ್ಲರೂ 'ಗ್ಲೂಕೋಸ್' ಎನ್ನುತ್ತಾರೆ. ಅದು ಗ್ಲೂಕೋಸ್ ಅಲ್ಲ, ಲವಣಗಳ ದ್ರವ. ಬೆನ್ನಿಗೆ ಸೂಜಿ ಹಾಕುವ ಹೊತ್ತಿಗೇ ಅದನ್ನು ವೇಗವಾಗಿ ಹರಿಸುವುದರಿಂದ ಅನುಕೂಲವಿದೆ, ಆದರೆ ಅದೊಂದೇ ಸಾಲದು.

ಪಕ್ಕದ ಮನೆಯವರಿಗೆ ಹೇಳಿದ ಒಂದೆರಡು ಮಾತು ನಿಮಗೂ ಹೇಳುತ್ತೇನೆ. ಬಿ.ಪಿ., ಹೃದಯ, ಉಬ್ಬಸಗಳಿಗೆ ಮಗಳು ತೆಗೆದುಕೊಳ್ಳುವ ಮಾತ್ರೆ ಯಾವುದಿದ್ದರೂ ಮುಚ್ಚಿಡದೆ ಹೇಳಿ. ಚೀಟಿ ತೋರಿಸಿದರೆ ಇನ್ನೂ ಒಳ್ಳೆಯದು. 'ಡಾಕ್ಟರ ಮುಂದೆ ಸುಮ್ಮನಿರಬೇಕು' ಎಂದು ಮಾತ್ರ ಕಲಿಸಿ ಕಳಿಸಬೇಡಿ. ತಲೆ ತಿರುಗಿದರೆ, ವಾಕರಿಕೆ ಬಂದರೆ, ಉಸಿರು ಕಟ್ಟಿದಂತಾದರೆ ಆ ಕ್ಷಣವೇ ಬಾಯಿಬಿಟ್ಟು ಹೇಳಲಿ. ವಾರ್ಡಿಗೆ ಬಂದಮೇಲೆ ಕಾಲಿಗೆ ಬಲ ಮರಳಲು ಕೆಲವು ಗಂಟೆ ಬೇಕು. ಮೊದಲ ಸಲ ಎದ್ದಾಗ ಒತ್ತಡ ಮತ್ತೆ ಇಳಿದು ಕಣ್ಣು ಕತ್ತಲಿಡಬಹುದು. ಎಬ್ಬಿಸುವ ಮುನ್ನ ನರ್ಸನ್ನು ಕರೆಯಿರಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಲಿ, ಆಮೇಲೆ ನಿಲ್ಲಲಿ. ಮಗುವನ್ನು ಅಷ್ಟು ಹೊತ್ತು ಎತ್ತಿಕೊಳ್ಳಲು ಅಜ್ಜ ಅಜ್ಜಿ ಹೇಗೂ ಸಾಲಿನಲ್ಲಿ ನಿಂತಿರುತ್ತಾರೆ.