ಬೋಂಡಾ ತೊಟ್ಟ ಅಂಗಿ

ಈ ಸಲದ ಯುಗಾದಿ ಊಟದಲ್ಲಿ ಪಕ್ಕದ ಎಲೆಯ ಗೆಳೆಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಡಾಕ್ಟ್ರೇ, ದೋಣಿ ಕೊಂಡಿದ್ದೇವೆ. ಮೆಮೋರಿಯಲ್ ಡೇ ರಜೆಗೆ ನೀವಿಬ್ಬರೂ ಬರಲೇಬೇಕು" ಎಂದರು. ತುಪ್ಪದ ಗುಂಗಿನಲ್ಲಿ ನಾವು ಹೂಂ ಎಂದುಬಿಟ್ಟೆವು. ಮನೆಗೆ ಮರಳುವಾಗ ಕಾರಿನಲ್ಲಿ ನಮ್ಮಾಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಾ, ನಿಮಗೆ ಈಜು ಬರುತ್ತದೆಯೇ?"

ಬರುವುದಿಲ್ಲ. ಅದಕ್ಕೆ ಕಾರಣವುಂಟು. ನಾವು ಹುಟ್ಟಿ ಬೆಳೆದದ್ದು ಗಂಗೊಳ್ಳಿಯಲ್ಲಿ, ಐದು ಹೊಳೆಗಳು ಕೂಡಿ ಕಡಲು ಸೇರುವ ಕಡೆ. ಎದುರು ದಡದ ಕುಂದಾಪುರಕ್ಕೆ ದೋಣಿಯಲ್ಲಿ ಹೋದರೆ ಹತ್ತಿರ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ನಮಗೆ ಏಳು ವರ್ಷವಾಗಿದ್ದಾಗ ಒಂದು ಮಳೆಗಾಲ ಅಳಿವೆಯ ಹತ್ತಿರ ಸಣ್ಣ ದೋಣಿ ಮಗುಚಿ ನಮ್ಮ ಸೋದರಮಾವ ತೀರಿಕೊಂಡರು. ಅವರಿಗೆ ಈಜು ಬರುತ್ತಿತ್ತು. ಆ ದಿನದಿಂದ ಅಜ್ಜಿ ಮನೆಯ ಮಕ್ಕಳನ್ನು ಹೊಳೆಯ ಬದಿಗೆ ಬಿಡಲಿಲ್ಲ. ಹೀಗೆ ನೀರಿನ ನಡುವೆ ಹುಟ್ಟಿ, ಮಣಿಪಾಲದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಬಾಲ್ಟಿಮೋರಿನಲ್ಲಿ ರೆಸಿಡೆನ್ಸಿ ಮಾಡಿ, ಚೆಸಪೀಕ್ ಕೊಲ್ಲಿಯ ಮಗ್ಗುಲಲ್ಲೇ 25 ವರ್ಷ ಕಳೆದರೂ ನಾವು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವರಲ್ಲ.

ಆದರೂ ಹೋದೆವು. ಅನಾಪೊಲಿಸ್ಸಿನ ದಕ್ಕೆಯಲ್ಲಿ 20 ಅಡಿಯ ದೋಣಿ ಕಾದಿತ್ತು. ಗೆಳೆಯರು, ಅವರ ಶ್ರೀಮತಿ, ಹನ್ನೊಂದು ವರ್ಷದ ಮಗಳು, ಜೊತೆಗೆ ಅವರ ನಾಯಿ ಬೋಂಡಾ. ಮರಿಯಾಗಿದ್ದಾಗ ಗುಂಡಗಿದ್ದನಂತೆ, ಅದಕ್ಕೇ ಆ ಹೆಸರು. ಈಗಲೂ ಹೆಸರು ಬದಲಿಸುವ ಅಗತ್ಯ ಬಿದ್ದಿಲ್ಲ. ಅವನ ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಅದರ ಬೆನ್ನಿಗೆ ಕೈಚೀಲಕ್ಕಿರುವಂತೆ ಒಂದು ಹಿಡಿ. ಮಗಳೂ ಜಾಕೆಟ್ ತೊಟ್ಟಿದ್ದಳು. ಮೇರಿಲ್ಯಾಂಡಿನ ಕಾನೂನಿನ ಪ್ರಕಾರ 21 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟೇ ಇರಬೇಕು. ದೊಡ್ಡವರಿಗೋ, ಜಾಕೆಟ್ ದೋಣಿಯಲ್ಲಿದ್ದರೆ ಸಾಕು. ಸೆಕೆ, ಫೋಟೋದಲ್ಲಿ ಹೊಟ್ಟೆ ದಪ್ಪಗೆ ಕಾಣುತ್ತದೆ, ಹೀಗೆ ನೂರೆಂಟು ನೆಪ ಹೇಳಿ ನಾವು ನಾಲ್ವರು ದೊಡ್ಡವರು ಜಾಕೆಟ್ಟುಗಳನ್ನು ಮಡಚಿ ಮೆತ್ತೆ ಮಾಡಿಕೊಂಡು ಅವುಗಳ ಮೇಲೆ ಕುಳಿತೆವು.

ಸೆವೆರ್ನ್ ನದಿ ದಾಟಿ ಕೊಲ್ಲಿಗೆ ಬಂದಾಗ ನಮ್ಮ ಮುಖ ನೋಡಿ ಗೆಳೆಯರು ಸಮಾಧಾನ ಹೇಳಿದರು: "ಇಡೀ ಚೆಸಪೀಕಿನ ಸರಾಸರಿ ಆಳ 21 ಅಡಿ ಅಷ್ಟೇ!" ನಮ್ಮ ಎತ್ತರ ಐದೂವರೆ ಅಡಿ. ಉಳಿದ ಹದಿನೈದೂವರೆ ಅಡಿಯ ಲೆಕ್ಕವನ್ನು ಅವರು ಒಪ್ಪಿಸಲಿಲ್ಲ.

ಆದರೆ ಸುಳ್ಳೇಕೆ, ಸೊಗಸಾಗಿತ್ತು. ಉತ್ತರಕ್ಕೆ 1952ರಲ್ಲಿ ಕಟ್ಟಿದ ಸೇತುವೆ, ಅದರ ಪಕ್ಕದಲ್ಲೇ 1973ರ ಇನ್ನೊಂದು. ದಕ್ಷಿಣಕ್ಕೆ ನೀರಿನ ನಡುವೆ ಕಬ್ಬಿಣದ ಕಾಲೂರಿ ನಿಂತ ಥಾಮಸ್ ಪಾಯಿಂಟ್ ದೀಪಸ್ತಂಭ, 1875ರದ್ದು, ಆರು ಮೂಲೆಯ ಪುಟ್ಟ ಮನೆಯಂತೆ. ದೋಣಿಗಳಿಗೆ ದಾರಿ ತೋರುವ ಕಂಬದ ಮೇಲೆ ಆಸ್ಪ್ರೆ ಎಂಬ ಮೀನುಗಿಡುಗ ಗೂಡು ಕಟ್ಟಿತ್ತು. ಡಿ.ಡಿ.ಟಿ.ಯಿಂದಾಗಿ ಮೊಟ್ಟೆಯ ಚಿಪ್ಪು ತೆಳುವಾಗಿ ಕ್ಷೀಣಿಸಿದ್ದ ಈ ಹಕ್ಕಿ 1972ರ ನಿಷೇಧದ ನಂತರ ಇಲ್ಲಿ ಮತ್ತೆ ತುಂಬಿಕೊಂಡಿದೆ.

ಲಂಗರು ಹಾಕಿ ಚಿತ್ರಾನ್ನದ ಡಬ್ಬಿ ತೆರೆದರು. ನಾವು ಗೂಡಿನ ಫೋಟೋ ತೆಗೆಯಲೆಂದು ಎದ್ದು ನಿಂತೆವು. ಅದೇ ಹೊತ್ತಿಗೆ ದೊಡ್ಡ ದೋಣಿಯೊಂದು ದೂರದಲ್ಲಿ ಹಾದುಹೋಯಿತು. ಅದರ ಅಲೆ ನಮ್ಮನ್ನು ಮುಟ್ಟುವುದಕ್ಕೂ ಬಾತುಕೋಳಿ ಕಂಡು ಬೋಂಡಾ ಅಂಚಿಗೆ ನೆಗೆಯುವುದಕ್ಕೂ ಸರಿಹೋಯಿತು. ದೋಣಿ ವಾಲಿತು. ನಮ್ಮ ಮೊಣಕಾಲು ಅಂಚಿಗೆ ಬಡಿಯಿತು. ನಮ್ಮಾಕೆ ಬೆಲ್ಟ್ ಹಿಡಿದು ಹಿಂದಕ್ಕೆಳೆದಳು. ಬೋಂಡಾನನ್ನು ಎಳೆಯುವವರು ಯಾರೂ ಇರಲಿಲ್ಲ. ದೊಪ್ಪನೆ ಬಿದ್ದ, ಮರುಕ್ಷಣವೇ ಕಾದ ಎಣ್ಣೆಗೆ ಬಿಟ್ಟ ಬೋಂಡಾದಂತೆ ಮೇಲೆ ತೇಲಿದ. ಗೆಳೆಯರು ಬೆನ್ನಿನ ಹಿಡಿಗೆ ಕೈಹಾಕಿ ಎತ್ತಿಕೊಂಡರು. ಅವನು ಮೈಕೊಡವಿ ಎಲ್ಲರ ಮೇಲೂ, ಚಿತ್ರಾನ್ನದ ಮೇಲೂ ತೀರ್ಥ ಪ್ರೋಕ್ಷಿಸಿದ. ಎಲ್ಲರೂ ನಕ್ಕರು.

ನಮಗೆ ನಗು ಬರಲಿಲ್ಲ. ರೆಸಿಡೆನ್ಸಿಯ ದಿನಗಳಲ್ಲಿ ಒಂದು ವಸಂತದ ಸಂಜೆ ದೋಣಿಯಿಂದ ಬಿದ್ದ ಯುವಕನೊಬ್ಬನನ್ನು ಎಮರ್ಜೆನ್ಸಿಗೆ ತಂದಿದ್ದರು. ಉಳಿಯಲಿಲ್ಲ. "ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತು" ಎಂದು ಅವನ ತಂದೆ ನಮ್ಮ ಕೈ ಹಿಡಿದು ಮತ್ತೆ ಮತ್ತೆ ಹೇಳಿದ್ದರು. ಗಾಳಿ ಬೆಚ್ಚಗಿದ್ದರೂ ವಸಂತದಲ್ಲಿ ಇಲ್ಲಿನ ನೀರು ತಣ್ಣಗಿರುತ್ತದೆ. ತಣ್ಣೀರಿಗೆ ಹಠಾತ್ತನೆ ಬಿದ್ದವನು ಬೇಡವೆಂದರೂ ಏದುಸಿರು ಎಳೆಯುತ್ತಾನೆ; ಬಾಯಿ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಈಜು ಬಲ್ಲವನಿಗೂ ಆ ಮೊದಲ ನಿಮಿಷ ದಾಟುವುದು ಕಷ್ಟ. ಅಮೆರಿಕದ ಕೋಸ್ಟ್ ಗಾರ್ಡಿನ 2023ರ ಲೆಕ್ಕದಲ್ಲೂ ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಇದೆಲ್ಲ ನಮಗೆ ಗೊತ್ತಿತ್ತು. ರೋಗಿಗಳಿಗೆ ಹೇಳಿಯೂ ಇದ್ದೆವು.

ಸೋದರಮಾವನ ನೆನಪಾಯಿತು. ಆ ದಿನ ಅವರ ದೋಣಿಯಲ್ಲಿ ಅಂಥ ಅಂಗಿ ಇರಲಿಲ್ಲ. ನಮ್ಮ ದೋಣಿಯಲ್ಲಿತ್ತು, ನಾವು ಅದರ ಮೇಲೆ ಕುಳಿತಿದ್ದೆವು.

ಏನೂ ಮಾತಾಡದೆ ಮೆತ್ತೆಯನ್ನು ಎಳೆದು ತೊಟ್ಟು ಬಕಲ್ ಹಾಕಿಕೊಂಡೆವು. ನಮ್ಮಾಕೆಯೂ ತೊಟ್ಟಳು. ಒಂದು ಗಳಿಗೆ ಬಿಟ್ಟು ಗೆಳೆಯರೂ ಅವರ ಶ್ರೀಮತಿಯೂ. ಆಮೇಲೆ ಚಿತ್ರಾನ್ನ, ಕೋಡುಬಳೆ, ಫ್ಲಾಸ್ಕಿನ ಕಾಫಿ. ವಿಚಿತ್ರವೆಂದರೆ, ಹೊರಟಾಗಿನಿಂದ ಬಿಗಿಹಿಡಿದಿದ್ದ ನಮ್ಮ ಭುಜ ಆಗಲೇ ಸಡಿಲಾದದ್ದು. ಮರಳುವಾಗ ಬೋಂಡಾ ನಮ್ಮ ಪಾದದ ಮೇಲೆ ತಲೆಯಿಟ್ಟು ಮಲಗಿದ. ಉಪ್ಪುಗಾಳಿಯಲ್ಲಿ ಗಂಗೊಳ್ಳಿಯ ವಾಸನೆ ಇತ್ತು. ಮೊದಲ ಸಲ ಅದು ಹೆದರಿಸಲಿಲ್ಲ.

ಈಗ ಪ್ರತಿ ಮಂಗಳವಾರ ಸಂಜೆ ವೈ.ಎಂ.ಸಿ.ಎ.ಯಲ್ಲಿ ಈಜು ಕಲಿಯುತ್ತಿದ್ದೇವೆ. ಪಕ್ಕದ ಸಾಲಿನ ಆರು ವರ್ಷದ ಪುಟಾಣಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ; ಹೋಗಲಿ. ನಮ್ಮ ಕೂಟದಲ್ಲಿ ಈಗ ಹಲವರ ಬಳಿ ದೋಣಿಗಳಿವೆಯೆಂದು ಕೇಳಿದ್ದೇವೆ. ಕರೆದರೆ ಖಂಡಿತ ಬರುತ್ತೇವೆ, ಚಿತ್ರಾನ್ನ ನಮ್ಮ ಕಡೆಯಿಂದ. ಷರತ್ತು ಒಂದೇ: ದಕ್ಕೆ ಬಿಡುವ ಮುನ್ನ ದೊಡ್ಡವರೆಲ್ಲರೂ ಬೋಂಡಾನಷ್ಟು ಬುದ್ಧಿವಂತರಾಗಿರಬೇಕು.